ಏರ್ ಫಿಲ್ಟರ್ ಬದಲಿಸಿದ ಮೇಲೆ ಬ್ರೀದರ್ ಪೈಪ್ ಎಲ್ಲಿಗೆ?

ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಹುಡುಗರಿಗೆ ಬೈಕಿನ ಮೇಲೆ ಆಸೆ ಜಾಸ್ತಿ. ಕಂಪನಿಯ ಏರ್ ಫಿಲ್ಟರ್ ಬಾಕ್ಸ್ ಬಿಚ್ಚಿಸಿ ಹೊರಗಿನ ಕೋನ್ ಫಿಲ್ಟರ್ ಹಾಕಿಸಿದರೆ ಸದ್ದೂ ಬದಲಾಗುತ್ತದೆ, ಪಿಕಪ್ಪೂ ಸಿಗುತ್ತದೆ ಎಂಬ ನಂಬಿಕೆ. ಹ್ಯಾಂಡ್‌ಪೋಸ್ಟ್ ವೃತ್ತದಲ್ಲಿ ಪೊಲೀಸರು ಗಾಡಿ ತಡೆದು ಕೇಳಿದರೆ ಇದು ಅಪರಾಧವಾಗುತ್ತದೆಯೇ ಎನ್ನುವುದು ಅವರ ಪ್ರಶ್ನೆ. ಉತ್ತರ ಫಿಲ್ಟರಿಗಿಂತ ಹೆಚ್ಚಾಗಿ, ಬಾಕ್ಸಿನ ಜೊತೆಗೇ ಕಳಚಿಕೊಳ್ಳುವ ಒಂದು ರಬ್ಬರ್ ಪೈಪಿನಲ್ಲಿದೆ.

ಎಂಜಿನ್ ಓಡುವಾಗ ಉರಿದ ಅನಿಲ, ಉರಿಯದ ಪೆಟ್ರೋಲ್ ಆವಿ ಸ್ವಲ್ಪ ಸ್ವಲ್ಪವಾಗಿ ಪಿಸ್ಟನ್ ರಿಂಗುಗಳ ಸಂದಿನಿಂದ ಜಾರಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಅಲ್ಲಿ ಆಯಿಲಿನ ಮಂಜೂ ಸೇರಿ ಒತ್ತಡ ಹುಟ್ಟುತ್ತದೆ. ಆ ಒತ್ತಡಕ್ಕೆ ದಾರಿ ಬಿಡುವುದೇ ಬ್ರೀದರ್ ಪೈಪು. ಕಂಪನಿಯವರು ಅದನ್ನು ಏರ್ ಫಿಲ್ಟರ್ ಬಾಕ್ಸಿಗೆ ಜೋಡಿಸಿರುತ್ತಾರೆ. ಎಂಜಿನ್ ಗಾಳಿ ಎಳೆಯುವಾಗ ಈ ಆವಿಯನ್ನೂ ಎಳೆದುಕೊಂಡು ಮತ್ತೆ ಸುಡುತ್ತದೆ. ಬಾಕ್ಸ್ ತೆಗೆದ ಕ್ಷಣಕ್ಕೆ ಪೈಪಿನ ತುದಿ ಅನಾಥವಾಗುತ್ತದೆ. ಕೆಲವರು ಅದನ್ನು ಹಾಗೇ ಕೆಳಗೆ ಇಳಿಬಿಡುತ್ತಾರೆ. ಕೆಲವರು ತುದಿಗೊಂದು ಪುಟ್ಟ ಫಿಲ್ಟರ್ ಸಿಕ್ಕಿಸುತ್ತಾರೆ. ಇನ್ನು ಕೆಲವರು ಬೋಲ್ಟ್ ತುರುಕಿ ಮುಚ್ಚುತ್ತಾರೆ. ಈ ಕೊನೆಯ ಕೆಲಸವನ್ನು ದಯವಿಟ್ಟು ಯಾರೂ ಮಾಡಿಸಬೇಡಿ. ಒತ್ತಡಕ್ಕೆ ದಾರಿ ಸಿಗದೆ ಆಯಿಲ್ ಸೀಲುಗಳು, ಗ್ಯಾಸ್ಕೆಟ್‌ಗಳು ಒಡೆದು ಆಯಿಲ್ ಸೋರುತ್ತದೆ. ಸೋರಿದ ಆಯಿಲ್ ಹಿಂದಿನ ಚಕ್ರಕ್ಕೆ ಬಿದ್ದರೆ ಗಾಡಿ ಜಾರಿ ಪ್ರಾಣಕ್ಕೇ ಕುತ್ತು.

ಪುಟ್ಟ ಫಿಲ್ಟರ್ ಸಿಕ್ಕಿಸಿದರೆ ದೂಳೇನೋ ಒಳಗೆ ಹೋಗುವುದಿಲ್ಲ. ಆದರೆ ಆವಿ ಹೊರಗಿನ ಗಾಳಿಗೆ ಬರುವುದು ತಪ್ಪುವುದಿಲ್ಲ. ಕಾನೂನು ಆಕ್ಷೇಪಿಸುವುದು ಇದನ್ನೇ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 115ನೇ ನಿಯಮದ ಪ್ರಕಾರ ವಾಹನವನ್ನು ನಿಗದಿತ ಮಾಲಿನ್ಯ ಮಟ್ಟದೊಳಗೆ ಇಟ್ಟುಕೊಂಡೇ ಓಡಿಸಬೇಕು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದಲ್ಲಿ ದ್ವಿಚಕ್ರ ವಾಹನಕ್ಕೆ ಒಪ್ಪಿಗೆ ಸಿಗಬೇಕಾದರೆ ಕ್ರ್ಯಾಂಕ್‌ಕೇಸಿನ ಅನಿಲ ಹೊರಗಾಳಿಗೆ ಸೇರಲೇಬಾರದು. ಮಾಲಿನ್ಯದ ಮಟ್ಟ ಮೀರಿದ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆ, 1988ರ ಕಲಂ 190(2)ರ ಅಡಿ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಜೊತೆಗೆ ಮೂರು ತಿಂಗಳು ಡಿಎಲ್ ಅನರ್ಹತೆ.

‘ನನ್ನ ಹತ್ತಿರ ಎಮಿಷನ್ ಸರ್ಟಿಫಿಕೇಟ್ ಇದೆಯಲ್ಲ’ ಎಂದು ನೆಮ್ಮದಿಯಾಗಿರುವವರು ಬಹಳ. ಪೆಟ್ರೋಲ್ ಗಾಡಿಯ ಎಮಿಷನ್ ಟೆಸ್ಟ್ ಅಳೆಯುವುದು ಸೈಲೆನ್ಸರಿನಿಂದ ಬರುವ ಹೊಗೆಯನ್ನು ಮಾತ್ರ. ಬ್ರೀದರ್ ಪೈಪಿನಿಂದ ಹೋಗುವುದು ಆ ಯಂತ್ರಕ್ಕೆ ಕಾಣುವುದೇ ಇಲ್ಲ. ಸರ್ಟಿಫಿಕೇಟ್ ಬೇಕೇ ಬೇಕು: ನೋಂದಣಿಯಾಗಿ ಒಂದು ವರ್ಷ ಕಳೆದ ಮೇಲೆ ಬಿಎಸ್-4, ಬಿಎಸ್-6 ಗಾಡಿಗೆ ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ಆರು ತಿಂಗಳಿಗೊಮ್ಮೆ. ಆದರೆ ಇಳಿಬಿಟ್ಟ ಪೈಪಿಗೆ ಅದು ರಕ್ಷಣೆ ಕೊಡುವುದಿಲ್ಲ.

ಫಿಲ್ಟರ್ ಬದಲಾವಣೆಯನ್ನು ಕಲಂ 52ರ ‘ಮಾರ್ಪಾಡು’ ಎನ್ನಬಹುದೇ? ಆ ಕಲಮಿನ ವಿವರಣೆಯ ಪ್ರಕಾರ ವಾಹನದ ರಚನೆ ಬದಲಾಗಿ, ಅದರಿಂದ ಮೂಲ ಲಕ್ಷಣವೇ ಬದಲಾದರೆ ಅದು ಮಾರ್ಪಾಡು. 2019ರ ಜನವರಿ 9ರಂದು ಕೆ. ಜಯಚಂದ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆರ್‌ಸಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂದಿತು. ಆರ್‌ಸಿಯಲ್ಲಿ ಎಂಜಿನ್ ನಂಬರ್, ಚಾಸಿ ನಂಬರ್, ಇಂಧನ, ಸಿಸಿ ಇರುತ್ತವೆ. ಏರ್ ಫಿಲ್ಟರಿಗೆ ಕಾಲಂ ಇಲ್ಲ. ಹಾಗಾಗಿ ಫಿಲ್ಟರ್ ಬದಲಿಸಿದ್ದಷ್ಟಕ್ಕೇ ಕಲಂ 52 ಎಳೆದು ತರುವುದು ಕಷ್ಟ ಎಂಬುದು ನನ್ನ ಅಭಿಪ್ರಾಯ. ಆದರೆ ನಿಯಮ ಒಪ್ಪದ ರೀತಿಯಲ್ಲಿ ಬಿಡಿಭಾಗ ಕೂರಿಸಿದ ಮಾಲೀಕರಿಗೆ ಕಲಂ 182ಎ(4) ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಎರಡೂ ಉಂಟು. ಇಳಿಬಿಟ್ಟ ಪೈಪು ಈ ಆರೋಪಕ್ಕೆ ದಾರಿ ಮಾಡಿಕೊಡುತ್ತದೆ. ಬಾವಲಿ ದಾಟಿ ವಯನಾಡಿಗೆ ಹೋಗುವವರಿಗೂ ಇದೇ ಕಾಯ್ದೆ. ರಾಜ್ಯ ಬದಲಾದರೂ ಕಲಂ ಬದಲಾಗುವುದಿಲ್ಲ.

ಫಿಲ್ಟರ್ ಬದಲಿಸಲೇಬೇಕು ಎನ್ನುವವರಿಗೆ ಕಂಪನಿಯ ಬಾಕ್ಸಿನೊಳಗೇ ಕೂರುವ ಫಿಲ್ಟರ್ ಸಿಗುತ್ತದೆ. ಅದನ್ನು ಹಾಕಿಸಿದರೆ ಯಾವ ಪೈಪೂ ಕಳಚುವುದಿಲ್ಲ. ಕೋನ್ ಫಿಲ್ಟರೇ ಬೇಕೆಂದರೆ ಬ್ರೀದರ್ ಜೋಡಿಸಲು ಪಕ್ಕದಲ್ಲಿ ನಳಿಕೆ ಇರುವುದನ್ನೇ ಕೊಳ್ಳಿ. ಪೈಪಿನ ತುದಿ ಕೊನೆಗೆ ಎಂಜಿನ್ ಗಾಳಿ ಎಳೆಯುವ ದಾರಿಯನ್ನೇ ಸೇರಬೇಕು. ನಡುವೆ ಆಯಿಲ್ ಹಿಡಿಯುವ ಡಬ್ಬಿ ಇಟ್ಟರೂ ಅದರ ಹೊರದಾರಿ ಅಲ್ಲಿಗೇ ಹೋಗಲಿ. ಕೆಲವು ಗಾಡಿಗಳಲ್ಲಿ ಸೈಲೆನ್ಸರ್ ಕಡೆಗೆ ಶುದ್ಧ ಗಾಳಿ ಒಯ್ಯುವ ಇನ್ನೊಂದು ಪೈಪೂ ಬಾಕ್ಸಿನಿಂದಲೇ ಹೊರಡುತ್ತದೆ. ಎರಡನ್ನೂ ಒಂದೇ ಎಂದುಕೊಳ್ಳದಂತೆ ಮೆಕ್ಯಾನಿಕ್‌ಗೆ ಮೊದಲೇ ಹೇಳಿ. ತೆಗೆದ ಬಾಕ್ಸನ್ನು ಗುಜರಿಗೆ ಹಾಕಬೇಡಿ, ಬಿಲ್ ಎತ್ತಿಡಿ.

ರಸ್ತೆಯಲ್ಲಿ ತಡೆದಾಗ ಗಾಬರಿ ಬೇಡ. ಆರ್‌ಸಿ, ಡಿಎಲ್, ಎಮಿಷನ್ ಸರ್ಟಿಫಿಕೇಟನ್ನು ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ತೋರಿಸಿದರೆ ಸಾಕು. ಹೊಗೆಯ ಬಗ್ಗೆ ಅನುಮಾನ ಬಂದರೆ 116ನೇ ನಿಯಮದಂತೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ ಅಥವಾ ಬ್ರೇಕ್ ಇನ್‌ಸ್ಪೆಕ್ಟರ್ ಪರೀಕ್ಷೆಗೆ ಆದೇಶಿಸಬಹುದು. ಆ ಆದೇಶ ಲಿಖಿತವಾಗಿಯೇ ಇರಬೇಕು. ಡಿಎಲ್ ವಶಪಡಿಸಿಕೊಂಡರೆ ತಾತ್ಕಾಲಿಕ ಸ್ವೀಕೃತಿ ಕೇಳಿ ಪಡೆಯಿರಿ. ಗಾಡಿಯನ್ನೇ ವಶಪಡಿಸಿಕೊಳ್ಳುವ ಕಲಂ 207 ಇರುವುದು ಡಿಎಲ್, ನೋಂದಣಿ, ಪರ್ಮಿಟ್ ಇಲ್ಲದಂಥ ಸಂದರ್ಭಗಳಿಗೆ. ಫಿಲ್ಟರ್ ಆ ಪಟ್ಟಿಯಲ್ಲಿಲ್ಲ. ದಂಡವನ್ನು ಸ್ಥಳದಲ್ಲೇ ಕಟ್ಟಿದರೆ ರಸೀದಿ ಪಡೆಯಿರಿ. ತಪ್ಪಿಲ್ಲ ಎನ್ನುವುದಾದರೆ ದಂಡವನ್ನು ಪ್ರಶ್ನಿಸಬಹುದು. ಕೆಎ-45ರ ಹುಣಸೂರು ಆರ್‌ಟಿಒ ಕಚೇರಿ ಕಲಂ 53ರಡಿ ನಿಮ್ಮ ನೋಂದಣಿ ಅಮಾನತು ಮಾಡುವುದಿದ್ದರೆ ಮೊದಲು ನಿಮ್ಮ ಮಾತು ಕೇಳಬೇಕು, ಕಾರಣ ಬರೆದು ಕೊಡಬೇಕು. ಅದರ ಮೇಲೆ 30 ದಿನದೊಳಗೆ ಮೇಲ್ಮನವಿಗೂ ಅವಕಾಶವಿದೆ.

ವಾರಂಟಿಯದು ಬೇರೆ ತಕರಾರು. ಹೊರಗಿನ ಫಿಲ್ಟರ್ ಕಂಡ ಕೂಡಲೇ ಹೆಡ್‌ಲೈಟಿನ ವಾರಂಟಿಯನ್ನೂ ನಿರಾಕರಿಸಿದರೆ ಸುಮ್ಮನಿರಬೇಡಿ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ಮೇಲೆ ಕೊಟ್ಟ ಆದೇಶದಲ್ಲಿ, ಹೊರಗಿನ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದ್ದಕ್ಕೆ ಪೂರ್ತಿ ವಾರಂಟಿ ರದ್ದು ಮಾಡುವಂತಿಲ್ಲ, ಆ ಕೆಲಸದಿಂದ ಆದ ಹಾನಿಯಷ್ಟಕ್ಕೇ ನಿರಾಕರಿಸಬಹುದು ಎಂದಿತು. ಕಂಪನಿಗಳು ಅದರ ವಿರುದ್ಧ ಮೇಲ್ಮನವಿ ಹೋದವು, ಮತ್ತು ಅದು ಬೈಕುಗಳ ಪ್ರಕರಣವೂ ಅಲ್ಲ. ಆದರೂ ನಿಮ್ಮ ವಾದಕ್ಕೆ ಒಂದು ಊರುಗೋಲು ಹೌದು. ಆದರೆ ಪೈಪು ಮುಚ್ಚಿದ್ದರಿಂದ ಸೀಲ್ ಹೋದರೆ ಕಂಪನಿಯ ನಿರಾಕರಣೆ ನ್ಯಾಯವೇ. ಆ ನಷ್ಟವನ್ನು ಕೇಳಬೇಕಾದದ್ದು ಪೈಪು ಮುಚ್ಚಿದ ಗ್ಯಾರೇಜನ್ನು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಎರಡು ವರ್ಷದೊಳಗೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಿ. ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಲಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ. ಆದಿವಾಸಿ ಹಾಡಿಗಳ ಹುಡುಗರಿಗೆ ಇದನ್ನು ಯಾರಾದರೂ ಹೇಳಬೇಕು. ಕಾನೂನು ನೆರವಿನ ಸಹಾಯವಾಣಿ ಸಂಖ್ಯೆ 15100.