ಒಲಿದ ನಾಯಿ, ಒಗ್ಗದ ದೇಹ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಕ್ರಿ. ಶ. 949-50ರ ಶಿಲಾಶಾಸನವೊಂದು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನು ತನ್ನ ಒಡೆಯನಿಂದ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಹೊನ್ನನ್ನಲ್ಲ, ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಸೆಣಸಿ, ಹಂದಿಯೂ ತಾನೂ ಒಟ್ಟಿಗೆ ಮಡಿಯುವವರೆಗೆ ಹೋರಾಡಿತು. ಅದರ ನೆನಪಿಗಾಗಿ ಕಲ್ಲನ್ನು ನಿಲ್ಲಿಸಿ, ಕಲ್ಲಿನ ಮೇಲೆ ಆ ಕಾಳಗದ ಚಿತ್ರವನ್ನು ಬಿಡಿಸಿದ್ದಾರೆ.

ನಾಯಿಯೊಡನೆ ನಮ್ಮ ನಾಡಿನ ಜನರ ನಂಟು ಎಷ್ಟು ಹಳೆಯದೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಹೊಲ ಕಾಯುವ, ಕುರಿಹಿಂಡು ಕಾಯುವ, ಅಂಗಳದಲ್ಲಿ ಮಕ್ಕಳೊಡನೆ ಆಡುವ ಈ ಪ್ರಾಣಿಯನ್ನು ಮನೆಯವರಲ್ಲೊಂದೆಂದೇ ಎಣಿಸುವ ಕುಟುಂಬಗಳು ನಮ್ಮಲ್ಲಿ ಅನೇಕ. ಆದರೆ ಮನಸ್ಸು ಒಲಿದ ಪ್ರಾಣಿಯನ್ನು ದೇಹವು ಒಪ್ಪದಿದ್ದರೆ ಏನು ಮಾಡಬೇಕು? ನಾಯಿ ಹತ್ತಿರ ಸುಳಿದೊಡನೆ ಸೀನು, ಕಣ್ಣುರಿ, ಉಬ್ಬಸಗಳಿಂದ ಬಳಲುವವರು ಅದರೊಡನೆ ಬಾಳುವುದು ಸಾಧ್ಯವೇ? ಇದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಇದಕ್ಕೆ ಪ್ರೇರಣೆಯಾದದ್ದು ಪುಸ್ತಕವಲ್ಲ, ಒಬ್ಬ ವಿದ್ಯಾರ್ಥಿ.

ಒಬ್ಬ ಬಾಲಕನ ಗುಟ್ಟು

ಏಳನೆಯ ತರಗತಿಯಲ್ಲಿದ್ದ ಆ ಬಾಲಕನು ನಮ್ಮ ಉಚಿತ ವಿದ್ಯಾರ್ಥಿನಿಲಯದಲ್ಲಿ ಇರುತ್ತಿದ್ದನು. ಓದಿನಲ್ಲಿ ಚುರುಕು, ಆಟದಲ್ಲಿ ಮುಂದು. ಆದರೆ ಪ್ರತಿ ಸಲ ರಜೆ ಮುಗಿಸಿ ಊರಿನಿಂದ ಬಂದಾಗ ಅವನ ಕಣ್ಣುಗಳು ಕೆಂಪಾಗಿರುತ್ತಿದ್ದವು. ರಾತ್ರಿ ಮಲಗಿದಾಗ ಎದೆ ಗೊರಗೊರ ಎನ್ನುತ್ತಿತ್ತು. ಕೇಳಿದರೆ ಬಸ್ಸಿನ ದೂಳು ಎನ್ನುತ್ತಿದ್ದನು. ವಾರ ಕಳೆಯುವಷ್ಟರಲ್ಲಿ ಮತ್ತೆ ಗೆಲುವಾಗುತ್ತಿದ್ದನು. ಮೂರು ರಜೆಗಳು ಹೀಗೆಯೇ ಕಳೆದ ಮೇಲೆ ಬಳಿಯಲ್ಲಿ ಕೂರಿಸಿಕೊಂಡು ವಿಚಾರಿಸಿದಾಗ ಅವನು ತಲೆತಗ್ಗಿಸಿ ಹೇಳಿದ ಮಾತು ಇಷ್ಟೇ: “ಸರ, ನಾ ಹೇಳಿದ್ರ ನಮ್ಮಪ್ಪ ನಾಯಿನ ಎಲ್ಲೆರ ಬಿಟ್ಟು ಬರ್ತಾನ್ರಿ.”

ಅವನ ಮನೆಯಲ್ಲಿ ಮುಧೋಳ ತಳಿಯ ನಾಯಿಯೊಂದಿತ್ತು. ಊರಿಗೆ ಹೋದಾಗಲೆಲ್ಲ ಅದು ಅವನ ಹಾಸಿಗೆಯ ಮೇಲೆಯೇ ಮಲಗುತ್ತಿತ್ತು. ನಾಯಿ ಬಂದ ಮೇಲೆಯೇ ಉಬ್ಬಸ ಬಂದಿತೆಂಬುದನ್ನು ಬಾಲಕನು ತಾನೇ ಕಂಡುಕೊಂಡಿದ್ದನು. ಆದರೂ ನಾಯಿಯನ್ನು ಕಳೆದುಕೊಳ್ಳುವ ಭಯಕ್ಕಿಂತ ಉಸಿರಿನ ಕಷ್ಟವೇ ಮೇಲೆಂದು ಮೌನವಾಗಿದ್ದನು. ಒಗ್ಗದಿಕೆಯಲ್ಲಿ ಅಪಾಯಕಾರಿಯಾದುದು ಈ ಮೌನವೇ. ಮಕ್ಕಳು ನಿಜವನ್ನು ಹೇಳಬೇಕಾದರೆ, ಹೇಳಿದೊಡನೆ ನಾಯಿಯನ್ನು ಹೊರಹಾಕುವುದಿಲ್ಲವೆಂಬ ಭರವಸೆ ಅವರಿಗಿರಬೇಕು. ಆ ಭರವಸೆ ಕೊಡಬೇಕಾದ ಹಿರಿಯರಿಗೆ ವಿಷಯದ ಸರಿಯಾದ ತಿಳಿವಳಿಕೆ ಇರಬೇಕು.

ಒಗ್ಗದಿಕೆ ಎಂದರೇನು?

ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ವಾನ್ ಪಿರ್ಕೆ ಅವರು 1906ರಲ್ಲಿ ‘ಅಲರ್ಜಿ’ ಎಂಬ ಪದವನ್ನು ಬಳಕೆಗೆ ತಂದರು. ಇದನ್ನೇ ಕನ್ನಡದಲ್ಲಿ ಒಗ್ಗದಿಕೆ ಎನ್ನುತ್ತೇವೆ. ನಮ್ಮ ದೇಹವು ರೋಗಾಣುಗಳನ್ನು ಎದುರಿಸಲು ಪ್ರತಿಕಾಯಗಳನ್ನು ತಯಾರಿಸುತ್ತದೆ. ಕೆಲವರ ದೇಹವು ಯಾವ ಹಾನಿಯನ್ನೂ ಮಾಡದ ಪರಾಗ, ದೂಳು, ಪ್ರಾಣಿಗಳ ಮೈಯ ಪ್ರೋಟೀನು ಇವುಗಳನ್ನು ಶತ್ರುವೆಂದು ತಿಳಿದು, ಅವುಗಳ ವಿರುದ್ಧ ವಿಶೇಷ ಪ್ರತಿಕಾಯವನ್ನು ಸಿದ್ಧಪಡಿಸುತ್ತದೆ. ಈ ಪ್ರತಿಕಾಯವನ್ನು ಜಪಾನಿನ ಇಶಿಜಾಕಾ ದಂಪತಿಗಳು ಅಮೆರಿಕದಲ್ಲಿಯೂ, ಯೊಹಾನ್ಸನ್ ಮತ್ತು ಬೆನ್ನಿಕ್ ಎಂಬುವರು ಸ್ವೀಡನ್ನಿನಲ್ಲಿಯೂ 1960ರ ದಶಕದಲ್ಲಿ ಬೇರೆ ಬೇರೆಯಾಗಿ ಕಂಡುಹಿಡಿದರು. 1968ರಲ್ಲಿ ಅದಕ್ಕೆ ‘ಇಮ್ಯುನೋಗ್ಲಾಬ್ಯುಲಿನ್ ಇ’ ಎಂಬ ಹೆಸರು ನಿಶ್ಚಿತವಾಯಿತು.

ಈ ಪ್ರತಿಕಾಯಗಳು ಮೂಗು, ಕಣ್ಣು, ಶ್ವಾಸನಾಳಗಳ ಪೊರೆಯಲ್ಲಿರುವ ಮಾಸ್ಟ್ ಕೋಶಗಳಿಗೆ ಅಂಟಿಕೊಂಡು ಕಾದಿರುತ್ತವೆ. ಅದೇ ಪ್ರೋಟೀನು ಮತ್ತೆ ಒಳಹೊಕ್ಕಾಗ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಗೇ ಹೊರಸೂಸುತ್ತವೆ. ಸೀನು, ಮೂಗು ಸೋರುವಿಕೆ, ತುರಿಕೆ, ಕಣ್ಣುರಿಗಳು ಅದರ ಫಲ. ಶ್ವಾಸನಾಳಗಳು ಸಂಕುಚಿತವಾದರೆ ಉಬ್ಬಸ. ಮೊದಲು ದೇಹವು ಪ್ರತಿಕಾಯವನ್ನು ಸಿದ್ಧಪಡಿಸಿಕೊಳ್ಳಬೇಕು. ಆಮೇಲಷ್ಟೇ ಬಾಧೆ ತೋರುತ್ತದೆ. ಆದುದರಿಂದ “ಇಷ್ಟು ದಿನ ಇಲ್ಲದ್ದು ಈಗೇಕೆ ಬಂತು?” ಎಂದು ಸಂಶಯಪಡುವುದು ಸರಿಯಲ್ಲ. ಒಗ್ಗದಿಕೆಯು ಹಟವೂ ಅಲ್ಲ, ಮನಸ್ಸಿನ ಕಲ್ಪನೆಯೂ ಅಲ್ಲ.

ತಪ್ಪು ಕೂದಲಿನದಲ್ಲ

ಬಾಲಕನ ತಂದೆಯನ್ನು ಕರೆಸಿ ಮಾತನಾಡಿದಾಗ ಅವರು, ನಾಯಿಯ ಕೂದಲು ತೀರ ಸಣ್ಣದು, ಅದರಿಂದ ಏನಾದೀತು ಎಂದರು. ಇದು ಬಹುಜನರ ನಂಬಿಕೆ. ಮುಧೋಳ ನಾಯಿಯ ಕೂದಲು ಸಣ್ಣದೆಂಬುದು ನಿಜ. ಆದರೆ ಬಾಧೆಯ ಮೂಲ ಕೂದಲಲ್ಲ. ನಾಯಿಯ ಜೊಲ್ಲು, ಮೂತ್ರ ಹಾಗೂ ಚರ್ಮದಿಂದ ಉದುರುವ ಹೊಟ್ಟಿನಲ್ಲಿರುವ ಪ್ರೋಟೀನುಗಳು. ಇವುಗಳಲ್ಲಿ ಮುಖ್ಯವಾದುದಕ್ಕೆ ವಿಜ್ಞಾನಿಗಳು ‘ಕ್ಯಾನ್ ಎಫ್ 1’ ಎಂದು ಹೆಸರಿಟ್ಟಿದ್ದಾರೆ. ನಾಯಿ ತನ್ನ ಮೈಯನ್ನು ನೆಕ್ಕಿಕೊಂಡಾಗ ಜೊಲ್ಲು ಕೂದಲಿಗೆ ಹತ್ತುತ್ತದೆ. ಒಣಗಿದ ಮೇಲೆ ಹೊಟ್ಟಿನೊಡನೆ ಸೂಕ್ಷ್ಮ ಕಣವಾಗಿ ಗಾಳಿಯಲ್ಲಿ ತೇಲುತ್ತದೆ. ಕೂದಲು ಈ ಕಣಗಳನ್ನು ಹೊತ್ತು ತಿರುಗುವ ವಾಹನ ಮಾತ್ರ.

‘ಕ್ಯಾನ್ ಎಫ್ 5’ ಎಂಬ ಇನ್ನೊಂದು ಪ್ರೋಟೀನು ಗಂಡುನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟಿ ಮೂತ್ರದ ಮೂಲಕ ಹೊರಬರುತ್ತದೆ. ಕೇವಲ ಇದೊಂದೇ ಒಗ್ಗದವರು ಹೆಣ್ಣುನಾಯಿಯೊಡನೆ ಬಾಧೆಯಿಲ್ಲದೆ ಇರಬಲ್ಲರು. ಒಗ್ಗದಿಕೆ ಇದೆಯೆಂಬುದನ್ನಷ್ಟೇ ಅಲ್ಲದೆ, ಯಾವುದಕ್ಕೆಂಬುದನ್ನೂ ಪರೀಕ್ಷೆಯಿಂದ ತಿಳಿಯುವುದು ಏಕೆ ಅಗತ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹವಾಯಿಯ ದಂಪತಿಗಳು

1980ರ ದಶಕದಲ್ಲಿ ಹವಾಯಿ ದ್ವೀಪದ ಅಂಧ ಮಹಿಳೆಯೊಬ್ಬರು ಆಸ್ಟ್ರೇಲಿಯದ ಮಾರ್ಗದರ್ಶಿ ನಾಯಿಗಳ ಸಂಸ್ಥೆಗೆ ಪತ್ರ ಬರೆದರು. ಅವರಿಗೆ ದಾರಿ ತೋರಿಸಲು ನಾಯಿ ಬೇಕಾಗಿತ್ತು. ಆದರೆ ಅವರ ಪತಿಗೆ ನಾಯಿ ಒಗ್ಗುತ್ತಿರಲಿಲ್ಲ. ಒಬ್ಬರಿಗೆ ಕಣ್ಣಾಗಬೇಕಾದ ಪ್ರಾಣಿ ಇನ್ನೊಬ್ಬರ ಉಸಿರಿಗೆ ಅಡ್ಡಿ. ಸಂಸ್ಥೆಯ ತಳಿ ವಿಭಾಗದ ವ್ಯವಸ್ಥಾಪಕರಾಗಿದ್ದ ವಾಲಿ ಕಾನ್ರನ್ ಅವರು ಮೊದಲು ಪೂಡಲ್ ನಾಯಿಗಳನ್ನು ಪರೀಕ್ಷಿಸಿ ನೋಡಿದರು. ಅವು ಈ ಕೆಲಸಕ್ಕೆ ಹೊಂದಲಿಲ್ಲ. ಕೊನೆಗೆ ಲ್ಯಾಬ್ರಡಾರ್ ಮತ್ತು ಪೂಡಲ್ ತಳಿಗಳನ್ನು ಕೂಡಿಸಿದರು. ಹುಟ್ಟಿದ ಮೂರು ಮರಿಗಳ ಕೂದಲು ಹಾಗೂ ಜೊಲ್ಲಿನ ಮಾದರಿಗಳನ್ನು ಹವಾಯಿಗೆ ಕಳುಹಿಸಲಾಯಿತು. ಮೂರರಲ್ಲಿ ಒಂದು ಮಾತ್ರ ಆ ಪತಿಗೆ ಬಾಧೆ ಕೊಡಲಿಲ್ಲ. ಸುಲ್ತಾನ್ ಎಂಬ ಆ ನಾಯಿ ತರಬೇತು ಹೊಂದಿ ಹವಾಯಿಗೆ ಹೋಯಿತು.

ಈ ಪ್ರಯೋಗದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮೂರೂ ಮರಿಗಳು ಒಂದೇ ತಾಯಿಯವು, ಒಂದೇ ಸೂಲಿನವು. ಆದರೂ ಒಗ್ಗಿದ್ದು ಒಂದೇ. ಎಂದರೆ ಉತ್ತರವಿದ್ದುದು ತಳಿಯಲ್ಲಲ್ಲ, ಆ ಒಂದು ನಾಯಿ ಮತ್ತು ಆ ಒಬ್ಬ ಮನುಷ್ಯನ ಹೊಂದಾಣಿಕೆಯಲ್ಲಿ. ವ್ಯಾಪಾರಿಗಳು ಇದನ್ನು ಮರೆಮಾಚಿ, ‘ಒಗ್ಗದಿಕೆ ಉಂಟುಮಾಡದ ತಳಿ’ ಎಂಬ ಹೆಸರಿನಲ್ಲಿ ಇಂಥ ಮಿಶ್ರತಳಿಗಳನ್ನು ಹೆಚ್ಚಿನ ಬೆಲೆಗೆ ಮಾರತೊಡಗಿದರು. ಇದನ್ನು ಕಂಡು ಕಾನ್ರನ್ ಅವರೇ ಮುಂದೆ ಬಹಿರಂಗವಾಗಿ ವಿಷಾದಿಸಿದರು. 2012ರಲ್ಲಿ ಪ್ರಕಟವಾದ ನೆದರ್ಲೆಂಡಿನ ಅಧ್ಯಯನವೊಂದರಲ್ಲಿ, ಹಾಗೆ ಹೆಸರಾದ ತಳಿಗಳ ಕೂದಲಿನಲ್ಲಿ ಕ್ಯಾನ್ ಎಫ್ 1 ಪ್ರಮಾಣವು ಇತರ ನಾಯಿಗಳಿಗಿಂತ ಕಡಿಮೆ ಇರುವುದಕ್ಕೆ ಬದಲಾಗಿ ಹೆಚ್ಚೇ ಇತ್ತು. ಮನೆಯ ಗಾಳಿಯಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ತಳಿಯ ಹೆಸರನ್ನು ನಂಬಿ ಹಣ ತೆರುವವರು, ಮೊದಲು ಅದೇ ನಾಯಿಯೊಡನೆ ಕೆಲವು ಸಲ ಹೊತ್ತು ಕಳೆದು ತಮ್ಮ ದೇಹದ ಉತ್ತರವನ್ನು ತಿಳಿದುಕೊಳ್ಳುವುದು ವಿವೇಕ.

ಮನೆಯಲ್ಲಿ ಮಾಡಬೇಕಾದುದು

ಮೊದಲ ನಿಯಮ, ಮಲಗುವ ಕೋಣೆಯೊಳಕ್ಕೆ ನಾಯಿಗೆ ಪ್ರವೇಶವಿರಕೂಡದು. ದಿನದ ಮೂರನೆಯ ಒಂದು ಭಾಗವನ್ನು ನಾವು ಅಲ್ಲಿಯೇ ಕಳೆಯುತ್ತೇವೆ. ಹಾಸಿಗೆ, ದಿಂಬು, ಕೌದಿಗಳಲ್ಲಿ ಸೇರಿದ ಕಣಗಳು ರಾತ್ರಿಯೆಲ್ಲ ಮೂಗಿನ ಬಳಿಯೇ ಇರುತ್ತವೆ. ನಮ್ಮ ಹಳೆಯ ಮನೆಗಳಲ್ಲಿ ನಾಯಿಯ ಸ್ಥಾನ ಜಗಲಿ ಇಲ್ಲವೆ ಹಿತ್ತಿಲು. ಇಂದು ನಗರದ ಚಿಕ್ಕ ಮನೆಗಳಲ್ಲಿ ಅದು ಮಂಚವನ್ನೇರಿದೆ. ಒಗ್ಗದಿಕೆಯುಳ್ಳವರ ಮಟ್ಟಿಗೆ ಹಳೆಯ ಪದ್ಧತಿಯೇ ಲೇಸು.

ಎರಡನೆಯದು, ನೆಲದ ಶುಚಿತ್ವ. ಒಣ ಪೊರಕೆಯಿಂದ ಗುಡಿಸಿದರೆ ಕಣಗಳು ಗಾಳಿಗೇರುತ್ತವೆ. ಒದ್ದೆ ಬಟ್ಟೆಯಿಂದ ಒರೆಸುವುದು ಮೇಲು. ರತ್ನಗಂಬಳಿ, ದಪ್ಪ ಪರದೆ, ಬಟ್ಟೆ ಹೊದಿಸಿದ ಕುರ್ಚಿಗಳು ಕಣಗಳ ಉಗ್ರಾಣಗಳು. ಕಲ್ಲುಹಾಸಿನ, ಸಿಮೆಂಟಿನ ನೆಲ ಈ ದೃಷ್ಟಿಯಿಂದ ಉತ್ತಮ. ಅನುಕೂಲವಿದ್ದವರು ಹೆಪಾ ಶೋಧಕವುಳ್ಳ ಗಾಳಿಶುದ್ಧಿ ಯಂತ್ರವನ್ನು ಇಟ್ಟುಕೊಳ್ಳಬಹುದು. ಇಲ್ಲದವರು ಕಿಟಕಿಗಳನ್ನು ತೆರೆದಿಟ್ಟರೂ ಸ್ವಲ್ಪ ಪ್ರಯೋಜನವುಂಟು.

ಮೂರನೆಯದು, ನಾಯಿಯ ಸ್ನಾನ. ಸ್ನಾನದಿಂದ ಮೈಯ ಮೇಲಿನ ಪ್ರೋಟೀನು ಇಳಿಯುತ್ತದೆ; ಆದರೆ ಕೆಲವೇ ದಿನಗಳಲ್ಲಿ ಮತ್ತೆ ಏರುತ್ತದೆ. ವಾರಕ್ಕೆ ಎರಡು ಬಾರಿ ತೊಳೆದರೆ ಮಾತ್ರ ಪ್ರಯೋಜನ ಉಳಿಯುತ್ತದೆಂದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಪದೇ ಪದೇ ತೊಳೆಯುವುದರಿಂದ ನಾಯಿಯ ಚರ್ಮ ಒಣಗಬಹುದಾದ್ದರಿಂದ ಪಶುವೈದ್ಯರ ಸಲಹೆ ಅಗತ್ಯ. ತೊಳೆಯುವ, ಬಾಚುವ ಕೆಲಸವನ್ನು ಒಗ್ಗದಿಕೆಯಿಲ್ಲದವರು, ಮನೆಯ ಹೊರಗೆ ಮಾಡಬೇಕು. ನಾಯಿಯನ್ನು ಮುಟ್ಟಿದ ಮೇಲೆ ಕೈ ತೊಳೆಯದೆ ಕಣ್ಣು ಮೂಗುಗಳನ್ನು ಮುಟ್ಟಕೂಡದು.

ಔಷಧ ಮತ್ತು ಎಚ್ಚರಿಕೆ

ವೈದ್ಯರು ಚರ್ಮದ ಚುಚ್ಚು ಪರೀಕ್ಷೆಯಿಂದ ಅಥವಾ ರಕ್ತ ಪರೀಕ್ಷೆಯಿಂದ ಒಗ್ಗದಿಕೆಯನ್ನು ಗುರುತಿಸುತ್ತಾರೆ. ಹಲವು ಸಲ ನಾಯಿಯ ಮೇಲೆ ಹೊರಿಸಿದ ಅಪವಾದವು ಹಾಸಿಗೆಯ ದೂಳಿನ ನುಸಿಗೋ ಜಿರಲೆಗೋ ಸಲ್ಲತಕ್ಕದ್ದೆಂದು ತಿಳಿದುಬರುವುದುಂಟು. ಹಿಸ್ಟಮಿನ್ನನ್ನು ತಡೆಯುವ ಔಷಧಗಳ ಸಂಶೋಧನೆಯೂ ಸೇರಿದಂತೆ ತಮ್ಮ ಕಾರ್ಯಕ್ಕಾಗಿ ಡೇನಿಯಲ್ ಬೋವೆ ಅವರು 1957ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಇವುಗಳಲ್ಲಿ ಹಳೆಯ ಬಗೆಯ ಮಾತ್ರೆಗಳು ತೂಕಡಿಕೆ ತರುತ್ತವೆ. ತರಗತಿಯಲ್ಲಿ ತೂಕಡಿಸುವ ಹುಡುಗನನ್ನು ಸೋಮಾರಿಯೆಂದು ಗದರಿಸುವ ಮೊದಲು ಉಪಾಧ್ಯಾಯರು ಇದನ್ನು ನೆನೆಯಬೇಕು. ಮೂಗಿಗೆ ಸಿಂಪಡಿಸುವ ಔಷಧವೂ, ಉಬ್ಬಸವಿದ್ದರೆ ಇನ್‌ಹೇಲರ್ ಮೂಲಕ ಸೇದುವ ಔಷಧವೂ ಇವೆ. ಒಗ್ಗದ ವಸ್ತುವನ್ನೇ ಅಲ್ಪಾಲ್ಪವಾಗಿ ಚುಚ್ಚಿ ದೇಹವನ್ನು ಪಳಗಿಸುವ ಚಿಕಿತ್ಸೆಯನ್ನು ಲೆನಾರ್ಡ್ ನೂನ್ ಅವರು 1911ರಲ್ಲಿ ಲಂಡನ್ನಿನಲ್ಲಿ ಹುಲ್ಲಿನ ಪರಾಗದ ವಿಷಯದಲ್ಲಿ ಪ್ರಕಟಿಸಿದರು. ನಾಯಿಯ ವಿಷಯದಲ್ಲಿ ಅದರ ಫಲ ಪರಾಗದಷ್ಟು ನಿಶ್ಚಿತವಲ್ಲ.

ಇಷ್ಟೆಲ್ಲ ಮಾಡಿದರೂ ಉಬ್ಬಸ ಹತೋಟಿಗೆ ಬಾರದಿದ್ದರೆ, ನಾಯಿಗೆ ಬೇರೆ ಮನೆಯನ್ನು ಹುಡುಕುವುದೇ ಕರ್ತವ್ಯ. ಉಸಿರಿಗಿಂತ ದೊಡ್ಡ ಪ್ರೀತಿ ಇಲ್ಲ. ಆದರೆ ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವುದು ಪರಿಹಾರವಲ್ಲ. ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ನೀರಡಿಕೆಗಳಿಗೆ ಈಡುಮಾಡಿ ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ಅಪರಾಧ. ನಾಯಿ ಹೋದ ಮೇಲೂ ಅದರ ಕಣಗಳು ಹಲವು ತಿಂಗಳು ಮನೆಯಲ್ಲಿ ಉಳಿಯುತ್ತವೆ. ಒಂದು ವಾರದಲ್ಲಿ ಗುಣ ಕಾಣಲಿಲ್ಲವೆಂದು ತೀರ್ಮಾನಕ್ಕೆ ಬರಬಾರದು. ಏದುಸಿರಿನಿಂದ ಒಂದು ವಾಕ್ಯವನ್ನು ಪೂರ್ತಿ ಆಡಲಾರದ ರೋಗಿಯನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಶಾಲೆಯ ಹೊಣೆ

ನಾಯಿಯ ಕಣಗಳು ಸಾಕುವವರ ಬಟ್ಟೆಗಳ ಮೂಲಕ ಶಾಲೆಯ ಕೊಠಡಿಗಳಿಗೂ ಬರುತ್ತವೆ. ಮನೆಯಲ್ಲಿ ನಾಯಿಯೇ ಇಲ್ಲದ ಮಗು ತರಗತಿಯಲ್ಲಿ ಸೀನುವುದಕ್ಕೆ ಇದೂ ಕಾರಣವಾಗಬಹುದು. ಇದಕ್ಕಾಗಿ ಯಾವ ಮಗುವನ್ನೂ ದೂರಬೇಕಾಗಿಲ್ಲ. ಒಗೆದ ಬಟ್ಟೆ, ಒದ್ದೆ ಬಟ್ಟೆಯಿಂದ ಒರೆಸಿದ ಬೆಂಚು, ತೆರೆದ ಕಿಟಕಿ, ಅಗತ್ಯವಿದ್ದಲ್ಲಿ ಸ್ಥಳದ ಬದಲಾವಣೆ ಇಷ್ಟರಿಂದಲೇ ಬಹುಮಟ್ಟಿಗೆ ನೆರವಾಗುತ್ತದೆ. ಉಬ್ಬಸವುಳ್ಳ ವಿದ್ಯಾರ್ಥಿಗಳ ಪಟ್ಟಿಯೂ, ಅವರ ಇನ್‌ಹೇಲರ್ ಎಲ್ಲಿದೆಯೆಂಬ ತಿಳಿವಳಿಕೆಯೂ ಉಪಾಧ್ಯಾಯರಿಗೂ ನಿಲಯಪಾಲಕರಿಗೂ ಇರತಕ್ಕದ್ದು.

ನಮ್ಮ ಆ ಬಾಲಕನ ವಿಷಯ ಹೇಳಿ ಮುಗಿಸುವೆನು. ಪರೀಕ್ಷೆಯಲ್ಲಿ ನಾಯಿಯ ಒಗ್ಗದಿಕೆ ದೃಢಪಟ್ಟಿತು. ತಂದೆ ನಾಯಿಯನ್ನು ಬಿಟ್ಟು ಬರಲಿಲ್ಲ. ಅದರ ಹಾಸಿಗೆಯನ್ನು ಜಗಲಿಗೆ ಸಾಗಿಸಿದರು. ವಾರಕ್ಕೆರಡು ಸಲ ಅದನ್ನು ಮೀಯಿಸುವ ಕೆಲಸವನ್ನು ಅವನ ಅಕ್ಕ ವಹಿಸಿಕೊಂಡಳು. ವೈದ್ಯರು ಕೊಟ್ಟ ಔಷಧವನ್ನು ಬಾಲಕನು ತಪ್ಪದೆ ಸೇದುತ್ತಾನೆ. ಬಾಧೆ ಸಂಪೂರ್ಣ ನಿಂತಿದೆಯೆಂದು ಹೇಳಲಾರೆ. ಕೆಲವು ರಜೆಗಳಲ್ಲಿ ಈಗಲೂ ಒಂದೆರಡು ರಾತ್ರಿ ಕಷ್ಟವಾಗುತ್ತದೆ. ಆದರೆ ಹಿಂದಿರುಗಿದಾಗ ಅವನು ಬಸ್ಸಿನ ದೂಳನ್ನು ನೆಪ ಹೇಳುವುದಿಲ್ಲ. ಬಂದವನೇ ಎದುರಿಗೆ ನಿಂತು, ಎಷ್ಟು ರಾತ್ರಿ ಉಸಿರು ಕಟ್ಟಿತೆಂಬುದನ್ನು ಲೆಕ್ಕವಿಟ್ಟು ಹೇಳುತ್ತಾನೆ. ಮಕ್ಕಳು ತಮ್ಮ ಕಷ್ಟವನ್ನು ಹೀಗೆ ಅಂಜದೆ ಹೇಳುವಂತಾದರೆ, ಅರ್ಧ ಚಿಕಿತ್ಸೆ ಅಲ್ಲಿಯೇ ಆದಂತೆ. ಉಳಿದರ್ಧವನ್ನು ವೈದ್ಯರು ನೋಡಿಕೊಳ್ಳುತ್ತಾರೆ.