ಹೊರಗಣ ಹಾರ್ಡ್ ಡಿಸ್ಕಿಗೆ ಯಾವ ಫಾರ್ಮ್ಯಾಟು?

ಹಾರ್ಡ್ ಡಿಸ್ಕೆಂಬ ಪೆಟ್ಟಿಗೆಯು ಅಂಗಡಿಯಿಂದ ಮನೆಗೆ ಬಂದೊಡನೆ ಅದರಲ್ಲಿ ಏನೇನು ತುಂಬಬೇಕೆಂದು ನಾವು ಯೋಚಿಸುತ್ತೇವೆಯೇ ಹೊರತು, ಆ ಪೆಟ್ಟಿಗೆಯು ತನ್ನ ಲೆಕ್ಕವನ್ನು ಯಾವ ಕ್ರಮದಲ್ಲಿ ಬರೆದಿಡುತ್ತದೆಂದು ವಿಚಾರಿಸುವವರು ವಿರಳ. ಆ ಕ್ರಮಕ್ಕೇ ಫೈಲ್ ಸಿಸ್ಟಮ್ ಎಂದು ಹೆಸರು. ಡಿಸ್ಕನ್ನು ಒಂದು ಕ್ರಮಕ್ಕೆ ಅಣಿಗೊಳಿಸುವುದೇ ಫಾರ್ಮ್ಯಾಟು.

ಕಾಗದಪತ್ರಗಳ ನಕಲು ಇಟ್ಟುಕೊಳ್ಳುವುದರ ಮಹತ್ವವನ್ನು ಸಾಂತಾಕ್ರೂಜಿನವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ೨೦೦೫ನೆಯ ಇಸವಿ ಜುಲೈ ೨೬ರ ಮಳೆಯಲ್ಲಿ ಇಲ್ಲಿಯ ಹವಾಮಾನ ಕೇಂದ್ರವು ೨೪ ತಾಸುಗಳಿಗೆ ೯೪೪ ಮಿಲಿಮೀಟರು ದಾಖಲಿಸಿತು. ಅದೇ ಅವಧಿಗೆ ಕೊಲಾಬದಲ್ಲಿ ೭೩ ಮಾತ್ರ. ನೆಲಮಟ್ಟದ ಖೋಲಿಗಳಲ್ಲಿ ಟ್ರಂಕಿನೊಳಗಿದ್ದ ಶಾಲಾ ಸರ್ಟಿಫಿಕೇಟು, ಪ್ರಾವಿಡೆಂಟ್ ಫಂಡಿನ ಚೀಟಿ, ಊರಿನ ಜಮೀನಿನ ಪಹಣಿ, ಮದುವೆಯ ಫೋಟೋ ಎಲ್ಲವೂ ಒಂದೇ ಮುದ್ದೆಯಾಗಲು ಅಂಥ ಒಂದು ರಾತ್ರಿ ಸಾಕು. ಈಗ ಇವುಗಳನ್ನು ಸ್ಕ್ಯಾನ್ ಮಾಡಿಸಿ ಡಿಸ್ಕಿನಲ್ಲಿ ಇಡುವವರು ಹೆಚ್ಚಿದ್ದಾರೆ. ಇಟ್ಟದ್ದು ಬೇಕಾದ ದಿನ, ಬೇಕಾದ ಕಂಪ್ಯೂಟರಿನಲ್ಲಿ ತೆರೆಯಬೇಕಲ್ಲ? ಪ್ರಶ್ನೆ ಅದು.

ವಾಚನಾಲಯದ ರಿಜಿಸ್ಟರನ್ನೇ ನೆನೆಯಿರಿ. ಯಾವ ಪುಸ್ತಕ ಯಾವ ಕಪಾಟಿನ ಯಾವ ಅಂತಸ್ತಿನಲ್ಲಿದೆ ಎಂಬುದು ಅದರಲ್ಲಿದೆ. ರಿಜಿಸ್ಟರಿನ ಲಿಪಿ ತಿಳಿಯದವನಿಗೆ ಕಪಾಟು ತುಂಬಿದ್ದರೂ ಪುಸ್ತಕ ಸಿಗದು. ವಿಂಡೋಸ್, ಮ್ಯಾಕ್, ಲಿನಕ್ಸ್ ಈ ಮೂರೂ ತಂತಮ್ಮ ರಿಜಿಸ್ಟರುಗಳನ್ನು ಬೇರೆ ಬೇರೆ ಲಿಪಿಗಳಲ್ಲಿ ಬರೆಯುತ್ತವೆ.

ಇವುಗಳಲ್ಲಿ ಹಳೆಯ ಪರಿಚಯಸ್ಥನು ಫ್ಯಾಟ್-೩೨. ೧೯೯೬ರಲ್ಲಿ ಬಂದದ್ದು. ಹಳೆಯ ಟಿ.ವಿ., ಕಾರಿನ ರೇಡಿಯೋ, ಝೆರಾಕ್ಸ್ ಅಂಗಡಿಯ ಯಂತ್ರ, ಎಲ್ಲವೂ ಇದನ್ನು ಬಲ್ಲವು. ಆದರೆ ಇದರ ಖಾತೆಯಲ್ಲಿ ಫೈಲಿನ ಗಾತ್ರ ಬರೆಯುವ ಕಾಲಮು ಕಿರಿದು: ೪,೨೯,೪೯,೬೭,೨೯೫ ಬೈಟುಗಳಿಗಿಂತ, ಅಂದರೆ ೪ ಜಿಬಿಗಿಂತ, ದೊಡ್ಡ ಸಂಖ್ಯೆ ಅಲ್ಲಿ ಹಿಡಿಯದು. ಆದಕಾರಣ ೬ ಜಿಬಿಯ ಮದುವೆ ವೀಡಿಯೋ ಒಂದನ್ನು ಹಾಕಹೋದರೆ, ಡಿಸ್ಕಿನಲ್ಲಿ ೯೦೦ ಜಿಬಿ ಖಾಲಿಯಿದ್ದರೂ "ಫೈಲು ತೀರ ದೊಡ್ಡದು" ಎಂಬ ಉತ್ತರ ಬರುತ್ತದೆ. ಡಿಸ್ಕು ಕೆಟ್ಟಿದೆಯೆಂದು ಭಾವಿಸಿ ಅಂಗಡಿಗೆ ಓಡುವ ಅಗತ್ಯವಿಲ್ಲ. ಸಣ್ಣ ಪೆನ್‌ಡ್ರೈವಿಗೆ ಫ್ಯಾಟ್-೩೨ ಇರಲಿ; ದೊಡ್ಡ ಡಿಸ್ಕಿಗೆ ಬೇಡ.

ಎನ್‌ಟಿಎಫ್‌ಎಸ್ ವಿಂಡೋಸಿನ ಸ್ವಂತ ಕ್ರಮ, ೧೯೯೩ರಿಂದ ನಡೆದು ಬಂದಿದೆ. ಇದರ ಹೆಚ್ಚುಗಾರಿಕೆ ಗುಮಾಸ್ತರಿಗೆ ಬೇಗ ಅರ್ಥವಾದೀತು. ಖಾತೆಯಲ್ಲಿ ತಿದ್ದುವ ಮೊದಲು ಇಂಥ ಬದಲಾವಣೆ ಮಾಡಲಿದ್ದೇನೆಂದು ಇದು ಒಂದು ಕಿರ್ದಿಯಲ್ಲಿ ಬರೆದುಕೊಳ್ಳುತ್ತದೆ. ನಡುವೆ ಕರೆಂಟು ಹೋದರೂ, ಕೇಬಲು ಕಳಚಿದರೂ, ಮುಂದಿನ ಸಲ ಕಿರ್ದಿಯನ್ನು ನೋಡಿ ಖಾತೆಯನ್ನು ಸರಿಮಾಡಿಕೊಳ್ಳುತ್ತದೆ. ಅರ್ಧ ಬರೆದ ಫೈಲು ಪೂರ್ತಿಯಾಗುತ್ತದೆಂದಲ್ಲ. ಉಳಿದ ಫೈಲುಗಳ ರಿಜಿಸ್ಟರು ಹಾಳಾಗುವ ಭಯ ಕಡಿಮೆ, ಅಷ್ಟೆ. ಲಿನಕ್ಸ್ ಇದನ್ನು ಓದಿ ಬರೆಯಬಲ್ಲದು. ಮ್ಯಾಕ್ ಮಾತ್ರ ಓದುತ್ತದೆ, ಬೇರೆ ಸಾಫ್ಟ್‌ವೇರು ಹಾಕದ ಹೊರತು ಬರೆಯದು.

ಎಕ್ಸ್‌ಫ್ಯಾಟ್ ೨೦೦೬ರಲ್ಲಿ ಹುಟ್ಟಿದ್ದು. ವಿಂಡೋಸ್ ಮತ್ತು ಮ್ಯಾಕ್ ಎರಡೂ ಇದರಲ್ಲಿ ಓದಿ ಬರೆಯುತ್ತವೆ; ೪ ಜಿಬಿಯ ಕಟ್ಟೂ ಇಲ್ಲ. ಮೈಕ್ರೋಸಾಫ್ಟ್ ೨೦೧೯ರಲ್ಲಿ ಇದರ ವಿವರಗಳನ್ನು ಬಹಿರಂಗಪಡಿಸಿದ ಮೇಲೆ ಅದೇ ವರ್ಷ ಲಿನಕ್ಸಿಗೂ ಸೇರಿತು. ಆದರೆ ಕಿರ್ದಿ ಇಲ್ಲ! ಕೆಲಸದ ನಡುವೆ ಕೇಬಲು ಎಳೆದರೆ ನಷ್ಟದ ಸಂಭವ ಹೆಚ್ಚು. ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಡಿಸ್ಕಿನ ಜಾಗವು ಸಣ್ಣ ಕೋಣೆಗಳಾಗಿ ಹಂಚಲ್ಪಟ್ಟಿರುತ್ತದೆ. ಒಂದು ಕೋಣೆಯಲ್ಲಿ ಎರಡು ಫೈಲುಗಳು ಇರಲಾರವು. ವಿಂಡೋಸು ದೊಡ್ಡ ಎಕ್ಸ್‌ಫ್ಯಾಟ್ ಡಿಸ್ಕಿಗೆ ತಾನಾಗಿ ಕೊಡುವ ಕೋಣೆ ೧೨೮ ಕೆಬಿಯದು, ಎನ್‌ಟಿಎಫ್‌ಎಸ್‌ಗೆ ಸಾಮಾನ್ಯವಾಗಿ ೪ ಕೆಬಿಯದು. ೧೦ ಕೆಬಿಯ ಪತ್ರಗಳು ಒಂದು ಲಕ್ಷವಿದ್ದರೆ, ಎನ್‌ಟಿಎಫ್‌ಎಸ್‌ನಲ್ಲಿ ಒಂದು ಜಿಬಿಗಿಂತ ತುಸು ಹೆಚ್ಚು ಸಾಕು. ಎಕ್ಸ್‌ಫ್ಯಾಟಿನಲ್ಲಿ ೧೨ ಜಿಬಿ ಬೇಕು. ವೀಡಿಯೋ ತುಂಬುವವರಿಗೆ ಇದು ಲೆಕ್ಕಕ್ಕಿಲ್ಲ. ಆಫೀಸಿನ ಸಣ್ಣ ಫೈಲುಗಳನ್ನು ಇಡುವವರು ಫಾರ್ಮ್ಯಾಟಿನ ವೇಳೆ ಕೋಣೆಯ ಅಳತೆಯನ್ನು ೩೨ ಕೆಬಿಗೆ ಇಳಿಸಿಕೊಳ್ಳಬಹುದು.

ಮ್ಯಾಕಿನ ಎಪಿಎಫ್‌ಎಸ್ ಮ್ಯಾಕಿಗೇ ಸರಿ. ಲಿನಕ್ಸಿನ ಇಎಕ್ಸ್‌ಟಿ-೪ರ ವಿಚಾರವನ್ನು ಮಾತ್ರ ಸ್ವಲ್ಪ ಹೇಳಬೇಕು, ಏಕೆಂದರೆ ಕೇರಳದ ಸರಕಾರಿ ಶಾಲೆಗಳಲ್ಲಿ, ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಸೇರಿ, ಮಕ್ಕಳು ಕಲಿಯುವುದು ಲಿನಕ್ಸಿನಲ್ಲಿ. ಮಂಜೇಶ್ವರ, ಕುಂಬಳೆಗಳ ಕಡೆಯಿಂದ ಬಂದ ನಮ್ಮವರು ಊರಿಗೆ ಡಿಸ್ಕು ಒಯ್ಯುವಾಗ ಇದು ಎದುರಾಗುತ್ತದೆ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟಿನಲ್ಲಿ ಫೈಲಿನ ಹೆಸರು ೨೫೫ ಸಂಕೇತಗಳವರೆಗೆ ಇರಬಹುದು. ಇಎಕ್ಸ್‌ಟಿ-೪ರಲ್ಲಿ ೨೫೫ ಬೈಟುಗಳು. ಇಂಗ್ಲಿಷಿನವರಿಗೆ ಎರಡೂ ಒಂದೇ. ನಮಗೆ ಹಾಗಲ್ಲ, ಏಕೆಂದರೆ ಅಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು ಬೇಕು. "ಸಾಂತಾಕ್ರೂಜ್" ಎಂಬುದು ಕಣ್ಣಿಗೆ ನಾಲ್ಕೇ ಅಕ್ಷರವಾದರೂ, ದೀರ್ಘ, ಸೊನ್ನೆ, ಒತ್ತುಗಳೆಲ್ಲ ಸೇರಿ ಯಂತ್ರಕ್ಕೆ ೧೧ ಸಂಕೇತ, ೩೩ ಬೈಟು. ಹೀಗಾಗಿ ಕನ್ನಡದ ಹೆಸರು ಅಲ್ಲಿ ೮೫ ಸಂಕೇತ ದಾಟಕೂಡದು. "ಅಜ್ಜಯ್ಯನವರ ಷಷ್ಟ್ಯಬ್ದಿ ಸಮಾರಂಭದ..." ಎಂದು ಆರಂಭಿಸಿ ಆಮಂತ್ರಣ ಪತ್ರಿಕೆಯನ್ನೇ ಹೆಸರಾಗಿ ಬರೆಯುವವರ ಫೈಲು ಆಚೆಯ ಯಂತ್ರಕ್ಕೆ ನಕಲಾಗದು. ಕನ್ನಡದಲ್ಲೇ ಹೆಸರಿಡಿ, ಆದರೆ ಚಿಕ್ಕದಾಗಿಡಿ. ತಾರೀಖನ್ನು ಓರೆಗೆರೆಯಿಂದ ಬರೆಯಲು ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ಬಾರದು, ಅಡ್ಡಗೆರೆ ಹಾಕಿ.

ಹಾಗಾದರೆ ನಿರ್ಣಯವೇನು? ಮನೆ, ಆಫೀಸು ಎರಡರಲ್ಲೂ ವಿಂಡೋಸೇ ಇದ್ದವರು ಎನ್‌ಟಿಎಫ್‌ಎಸ್ ಇಟ್ಟುಕೊಳ್ಳತಕ್ಕದ್ದು. ಇದರಲ್ಲಿ ನನಗೆ ಸಂದೇಹವಿಲ್ಲ. ಮಗನದೋ ಸೊಸೆಯದೋ ಮ್ಯಾಕಿನಲ್ಲಿಯೂ ಬರೆಯಬೇಕಾದವರಿಗೆ ಎಕ್ಸ್‌ಫ್ಯಾಟು. ಆದರೆ ಫೋಟೋ, ಪತ್ರಗಳ ಒಂದೇ ಪ್ರತಿಯನ್ನು ಅದರಲ್ಲಿ ನಂಬಿ ಕೂಡಬೇಡಿ. ಎರಡನೆಯ ಡಿಸ್ಕೊಂದು ಊರಿನ ಮನೆಯಲ್ಲಿರಲಿ. ಇಲ್ಲಿ ನೀರು ನುಗ್ಗಿದರೆ ಅಲ್ಲಿಯದು ಉಳಿಯುತ್ತದೆ.

ಫಾರ್ಮ್ಯಾಟು ಮಾಡಿದರೆ ಡಿಸ್ಕಿನಲ್ಲಿರುವುದೆಲ್ಲ ಹೋಗುತ್ತದೆಂಬುದನ್ನು ಮರೆಯಕೂಡದು. ಇದ್ದದ್ದನ್ನು ಮೊದಲು ಬೇರೆ ಕಡೆ ನಕಲು ಮಾಡಿ, ನಕಲನ್ನು ತೆರೆದು ನೋಡಿ, ಆಮೇಲೆ ಕೈಹಾಕಬೇಕು. ಮ್ಯಾಕಿನ ಅಥವಾ ಲಿನಕ್ಸಿನ ಡಿಸ್ಕನ್ನು ವಿಂಡೋಸಿಗೆ ಚುಚ್ಚಿದಾಗ "ಬಳಸುವ ಮೊದಲು ಫಾರ್ಮ್ಯಾಟು ಮಾಡಬೇಕು, ಮಾಡಲೇ?" ಎಂದು ಅದು ಕೇಳುವುದುಂಟು. ಡಿಸ್ಕು ಖಾಲಿಯಿದೆಯೆಂದು ಇದರ ಅರ್ಥವಲ್ಲ, ಲಿಪಿ ತನಗೆ ತಿಳಿಯದೆಂದು ಅರ್ಥ. ಅಲ್ಲಿ "ಕ್ಯಾನ್ಸಲ್" ಒತ್ತಿ, ಡಿಸ್ಕನ್ನು ಅದರ ಹಳೆಯ ಕಂಪ್ಯೂಟರಿಗೆ ಒಯ್ಯಿರಿ. ಅವಸರದಲ್ಲಿ "ಹೌದು" ಒತ್ತಿದ್ದರೆ, ಅದರ ಮೇಲೆ ಹೊಸದೇನನ್ನೂ ಬರೆಯದೆ ತಿಳಿದವರಿಗೆ ತೋರಿಸಬೇಕು. "ಕ್ವಿಕ್ ಫಾರ್ಮ್ಯಾಟ್" ರಿಜಿಸ್ಟರನ್ನಷ್ಟೇ ಹೊಸದಾಗಿ ಬರೆಯುವುದರಿಂದ ಹಳೆಯ ಫೈಲುಗಳು ಮರಳಿ ಸಿಗುವ ಆಸೆ ಇನ್ನೂ ಇರುತ್ತದೆ. ಇದೇ ಕಾರಣಕ್ಕೆ ಹಳೆಯ ಡಿಸ್ಕನ್ನು ಮಾರುವವರು "ಕ್ವಿಕ್" ಗುರುತನ್ನು ತೆಗೆದು ಪೂರ್ತಿ ಫಾರ್ಮ್ಯಾಟು ಮಾಡಿಯೇ ಕೊಡಬೇಕು. ಇಲ್ಲವಾದರೆ ನಿಮ್ಮ ಬ್ಯಾಂಕಿನ ಕಾಗದಗಳನ್ನು ಕೊಂಡವನು ಹುಡುಕಿ ತೆಗೆದಾನು. ದೊಡ್ಡ ಡಿಸ್ಕಿಗೆ ಇದು ಹಲವು ತಾಸುಗಳ ಕೆಲಸ. ರಾತ್ರಿ ಹಚ್ಚಿಟ್ಟು ಮಲಗಬಹುದು.