ಕೋಳಿ ಮುಟ್ಟೋಕೆ ಭಯವೇ? ಆರು ಹೇಟೆಯಿಂದ ಶುರು ಮಾಡಿ

ಹಿತ್ತಲಲ್ಲಿ ನಾಲ್ಕು ಕೋಳಿ ಇದ್ದರೆ ಮನೆಗೆ ಮೊಟ್ಟೆ ಆಗುತ್ತೆ, ಆದರೆ ಮುಟ್ಟೋಕೆ ಭಯ ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಹಳ್ಳಿಯಲ್ಲೇ ಹುಟ್ಟಿ ಬೆಳೆದವರೂ ಇದ್ದಾರೆ, ಹೇಳಿಕೊಳ್ಳೋಕೆ ನಾಚಿಕೆ ಅಷ್ಟೇ. ನಾನೂ ಅಂಥವಳೇ. ಹಸುವಿನ ಹಾಲು ಕರೆಯುತ್ತಿದ್ದವಳು ಕೋಳಿ ರೆಕ್ಕೆ ಬಡಿದರೆ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಈಗ ಮೂರು ವರ್ಷದಿಂದ ಸಾಕುತ್ತಿದ್ದೇನೆ.

ದೂರದಿಂದಲೇ ಕಾಳು ಎಸೆದು ಸಾಕಬಾರದೇ ಅಂತ ಕೇಳಬಹುದು. ಸಾಕಬಹುದು, ಕಾಯಿಲೆ ಬರುವವರೆಗೆ. ಕೈಯಲ್ಲಿ ಹಿಡಿಯದ ಕೋಳಿ ಸೊರಗಿದ್ದು ಗೊತ್ತಾಗಲ್ಲ, ರೆಕ್ಕೆ ಕೆಳಗಿನ ಹೇನು ಕಾಣಲ್ಲ, ಲಸಿಕೆ ಹಾಕಿಸೋಕೂ ಆಗಲ್ಲ. ಕೊಕ್ಕರೆ ರೋಗ ಬಂದರೆ ಲಸಿಕೆ ಕಾಣದ ಗೂಡು ನಾಲ್ಕೈದು ದಿನದಲ್ಲಿ ಖಾಲಿಯಾಗಬಹುದು. ಆದ್ದರಿಂದ ಕೋಳಿ ಹಿಡಿಯೋದನ್ನು ಕಲಿಯುವುದು ಸಾಕಾಣಿಕೆಯ ಮೊದಲ ಪಾಠ.

ಯಾವುದಕ್ಕೆ ಹೆದರಬೇಕು?

ಕೋಳಿಗೆ ಹಲ್ಲಿಲ್ಲ. ಹೇಟೆ ಕುಕ್ಕಿದರೆ ಚುರ್ ಅನ್ನುತ್ತೆ, ಅಷ್ಟೇ. ಹೊಳೆಯುವ ವಸ್ತು ಕಂಡರೆ ಕಾಳು ಅಂತ ಕುಕ್ಕುವುದು ಅದರ ಸ್ವಭಾವ. ಕಾಲುಂಗುರ, ಗೆಜ್ಜೆ, ಬಣ್ಣ ಹಚ್ಚಿದ ಉಗುರು ಅದರ ಕಣ್ಣಿಗೆ ಬೀಳುತ್ತೆ. ಮೊದಮೊದಲು ಶೂ ಮತ್ತು ತುಂಬುತೋಳಿನ ಹಳೇ ಶರ್ಟು ಹಾಕಿಕೊಂಡರೆ ಅರ್ಧ ಭಯ ಕಡಿಮೆ.

ನಿಜವಾಗಿ ಎಚ್ಚರ ಬೇಕಾದ್ದು ಇಬ್ಬರ ಹತ್ತಿರ: ಕಾಲಲ್ಲಿ ಮುಳ್ಳು ಬೆಳೆದ ಹುಂಜ, ಮರಿ ಕಟ್ಟಿಕೊಂಡಿರುವ ತಾಯಿಕೋಳಿ. ಹೊಸಬರಿಗೆ ಎರಡೂ ಬೇಡ. ಹುಂಜ ಇಲ್ಲದಿದ್ದರೂ ಹೇಟೆ ಮೊಟ್ಟೆ ಇಡುತ್ತೆ, ಆ ಮೊಟ್ಟೆಯಿಂದ ಮರಿ ಆಗಲ್ಲ, ಅಷ್ಟೇ.

ಯಾವ ಕೋಳಿ, ಎಷ್ಟು?

ಆರು ಹೇಟೆ ಸಾಕು. ಒಂದು ದಿನದ ಮರಿ ತಂದರೆ ಮೊದಲ ವಾರ ಸುಮಾರು 35 ಡಿಗ್ರಿ ಕಾವು ಕೊಡಬೇಕು, ಹಗಲು ರಾತ್ರಿ ಬಲ್ಬು ನೋಡಿಕೊಳ್ಳಬೇಕು. ಅದರ ಬದಲು ಆರು ವಾರ ಸಾಕಿದ ಮರಿ ತನ್ನಿ. ಆ ವಯಸ್ಸಿಗೆ ಹುಂಜದ ಜುಟ್ಟು ದೊಡ್ಡದಾಗಿ ಕೆಂಪಾಗಿರುತ್ತೆ, ಹೇಟೆಯನ್ನು ಬೇರೆ ಮಾಡುವುದು ಸುಲಭ.

ನಾನು ತಂದದ್ದು ಗಿರಿರಾಜ. ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲ ಸಾಕಾಣಿಕೆಗೆಂದೇ ಬೆಳೆಸಿದ ತಳಿ. ಮೈ ಭಾರ, ಹಾರಾಟ ಕಡಿಮೆ. ಕಾವಿಗೆ ಕೂರುವುದಿಲ್ಲ, ಹಾಗಾಗಿ ಮೊಟ್ಟೆ ಮೇಲೆ ಕೂತು ಗುರ್ ಅನ್ನುವ ಕೋಳಿಯ ಕಾಟವಿಲ್ಲ. ಅಲ್ಲಿಂದಲೇ ಬಂದ ಸ್ವರ್ಣಧಾರ ಇನ್ನೂ ಹೆಚ್ಚು ಮೊಟ್ಟೆ ಇಡುತ್ತೆ. ಎರಡೂ ಮೊಟ್ಟೆಗೆ ಬರೋಕೆ ಐದೂವರೆ, ಆರು ತಿಂಗಳು ಬೇಕು.

ತರುವಾಗ ಮ್ಯಾರೆಕ್ಸ್, ಲಸೋಟ, ಗಂಬೋರೊ ಲಸಿಕೆ ಆಗಿದೆಯೇ ಅಂತ ಕೇಳಿ, ತಾರೀಖು ಬರೆಸಿಕೊಳ್ಳಿ.

ಗೂಡು ನಿಮಗೆ ಅನುಕೂಲವಾಗಿರಲಿ

ಆರು ಕೋಳಿಗೆ 4 ಅಡಿ ಉದ್ದ, 3 ಅಡಿ ಅಗಲದ ಗೂಡು ಸಾಕು. ನೆಲದಿಂದ ಎರಡು ಅಡಿ ಮೇಲಿರಲಿ. ಮುಂಗುಸಿ, ಕಾಡುಬೆಕ್ಕು ನುಗ್ಗದಂತೆ ಗಟ್ಟಿ ಜಾಲರಿ ಬಡಿಯಿರಿ. ಕೆಳಗೆ ಎರಡು ಇಂಚು ಭತ್ತದ ಹೊಟ್ಟು ಹರಡಿ.

ಭಯ ಇರುವವರು ಮೂರು ವಿಷಯ ಗಮನಿಸಿ. ಬಾಗಿಲು ಎರಡೂ ಕಡೆ ಇರಲಿ, ಯಾವ ಮೂಲೆಗಾದರೂ ಕೈ ಎಟುಕುತ್ತೆ. ನೀರು ಮತ್ತು ಕಾಳಿನ ಪಾತ್ರೆ ಹೊರಗಿನಿಂದಲೇ ತುಂಬುವಂತಿರಲಿ. ಮೊಟ್ಟೆ ಇಡುವ ಪೆಟ್ಟಿಗೆಗೆ ಹೊರಗಿನಿಂದ ತೆರೆಯುವ ಮುಚ್ಚಳ ಮಾಡಿಸಿ. ಆಗ ದಿನದ ಕೆಲಸಕ್ಕೆ ಕೋಳಿ ಮಧ್ಯೆ ತಲೆ ತೂರಿಸಬೇಕಾಗಿಲ್ಲ.

ಎರಡು ವಾರದ ಅಭ್ಯಾಸ

ಮೊದಲ ಮೂರು ದಿನ ಗೂಡಿನ ಪಕ್ಕ ಮಣೆ ಹಾಕಿಕೊಂಡು ಹತ್ತು ನಿಮಿಷ ಕೂರಿ. ಏನೂ ಮಾಡಬೇಡಿ. ಒಂದೇ ರೀತಿ ಕೂಗಿ ಕಾಳು ಹಾಕಿ. ನಮ್ಮ ಅತ್ತೆ "ಬಾ ಬಾ ಬಾ" ಅಂದರೆ ಓಡಿ ಬರುತ್ತವೆ.

ನಾಲ್ಕನೇ ದಿನದಿಂದ ತಟ್ಟೆಯಲ್ಲಿ ರಾಗಿ ಅಥವಾ ನುಚ್ಚು ಹಾಕಿ ಕೈಯಲ್ಲೇ ಹಿಡಿದುಕೊಳ್ಳಿ. ವಾರ ಮುಗಿಯುವಷ್ಟರಲ್ಲಿ ಅಂಗೈಯಿಂದ ತಿನ್ನುತ್ತವೆ. ಬೆರಳು ಚಾಚಬೇಡಿ, ಅಂಗೈ ಬಟ್ಟಲು ಮಾಡಿ.

ಎರಡನೇ ವಾರ ಸಂಜೆ, ಕತ್ತಲಾದ ಮೇಲೆ ಮುಟ್ಟಿ. ಕತ್ತಲಲ್ಲಿ ಕೋಳಿಗೆ ಕಣ್ಣು ಅಷ್ಟಾಗಿ ಕಾಣದು, ಕೂತಲ್ಲೇ ಕೂತಿರುತ್ತೆ. ಎರಡು ಅಂಗೈಯಿಂದ ಎರಡೂ ರೆಕ್ಕೆಯನ್ನು ಮೈಗೆ ಒತ್ತಿ ಹಿಡಿಯಿರಿ. ರೆಕ್ಕೆ ಬಿಚ್ಚದಿದ್ದರೆ ಗಲಾಟೆಯೇ ಇಲ್ಲ. ಆಮೇಲೆ ಒಂದು ಕೈ ಎದೆ ಕೆಳಗೆ ತೂರಿಸಿ, ಕಾಲುಗಳನ್ನು ಬೆರಳ ಸಂದಿಯಲ್ಲಿ ಹಿಡಿದು, ಕೋಳಿಯನ್ನು ಕಂಕುಳಿಗೆ ಒತ್ತಿಕೊಳ್ಳಿ. ತಲೆ ಹಿಂದಕ್ಕಿದ್ದರೆ ಕೊಕ್ಕು ನಿಮ್ಮ ಮುಖದಿಂದ ದೂರ. ಕಾಲು ಹಿಡಿದು ತಲೆಕೆಳಗೆ ನೇತಾಡಿಸಬೇಡಿ, ಬೆದರಿ ರೆಕ್ಕೆ ಬಡಿಯುತ್ತೆ. ದಿನಕ್ಕೆ ಒಂದೇ ಕೋಳಿ, ಎರಡೇ ನಿಮಿಷ.

ಎರಡು ವಾರ ಅಂತ ಹೇಳಿದ್ದಕ್ಕೆ ಕಾರಣವಿದೆ. ಆರು ವಾರದ ಮರಿ ಆಗ ಎಂಟು ವಾರದ್ದಾಗಿರುತ್ತೆ. ಕೊಕ್ಕರೆ ರೋಗಕ್ಕೆ ಆರ್‌2ಬಿ ಲಸಿಕೆ ಹಾಕಿಸುವ ಹೊತ್ತು ಅದು. ಅದು ಚುಚ್ಚುಮದ್ದು, ಕೋಳಿಯನ್ನು ಒಬ್ಬರು ಹಿಡಿದುಕೊಳ್ಳಲೇಬೇಕು. ಒಂದು ಸೀಸೆಯಲ್ಲಿ ಬಹಳ ಕೋಳಿಗೆ ಆಗುವಷ್ಟು ಲಸಿಕೆ ಇರುವುದರಿಂದ ಅಕ್ಕಪಕ್ಕದವರ ಜೊತೆ ಸೇರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಹಿಡಿದಾಗ ಏನು ನೋಡಬೇಕು?

ವಾರಕ್ಕೊಮ್ಮೆ ಪ್ರತಿ ಕೋಳಿ ಹಿಡಿದು ನೋಡಿ. ಎದೆಯ ನಡುಮೂಳೆ ಚೂಪಾಗಿ ಕೈಗೆ ಸಿಕ್ಕರೆ ಸೊರಗಿದೆ ಅಂತ. ರೆಕ್ಕೆ ಅಡಿಯಲ್ಲಿ ಹೇನು, ಬಾಲದ ಕೆಳಗೆ ಹಿಕ್ಕೆ ಅಂಟಿರುವುದು, ಕಣ್ಣಲ್ಲಿ ನೀರು ಇವನ್ನು ಗಮನಿಸಿ. ಜುಟ್ಟಿನ ಮೇಲೆ ಗುಳ್ಳೆ ಕಂಡರೆ ಸಿಡುಬು ಇರಬಹುದು. ಹಸಿರು ಬೇಧಿ, ಕತ್ತು ತಿರುಚುವುದು, ಮೂಲೆ ಸೇರುವುದು ಕಂಡರೆ ಆ ಕೋಳಿಯನ್ನು ಬೇರೆ ಮಾಡಿ, ವೈದ್ಯರಿಗೆ ಅದೇ ದಿನ ತಿಳಿಸಿ. ಒಟ್ಟಿಗೆ ಹಲವು ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ. ಪ್ರತಿ ಸಲ ಸೋಪು ಹಾಕಿ ಕೈ ತೊಳೆಯಿರಿ.

ನನಗೆ ಈಗಲೂ ದೊಡ್ಡ ಹುಂಜ ಎದುರಿಗೆ ಬಂದರೆ ದಾರಿ ಬಿಡುತ್ತೇನೆ. ಅದಕ್ಕೇನೂ ತೊಂದರೆ ಇಲ್ಲ. ನಮ್ಮ ಆರು ಹೇಟೆಗಳನ್ನು ನಾನೇ ಹಿಡಿಯುತ್ತೇನೆ, ಲಸಿಕೆ ದಿನ ಯಾರನ್ನೂ ಕಾಯುವುದಿಲ್ಲ. ನೀವು ಈ ವಾರ ಗೂಡಿನ ಕೆಲಸ ಶುರು ಮಾಡಿ. ಗೂಡು ತಯಾರಾದ ಮೇಲೆ ಕೋಳಿ ತನ್ನಿ.